ಆಪ್ಟಮರ್ ಬರಹದಲ್ಲಿ ‘ಪ್ರತಿ ಆಯ್ಕೆ’ಗೆ ಬದಲಿ ಪದ ಯಾವುದು?

ನಮಸ್ಕಾರ. ಬೆಳಗಾವಿಯಲ್ಲಿ ಪದವಿ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಸವದತ್ತಿ, ಗೋಕಾಕ ಕಡೆಯಿಂದ ಬರುವ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ವಿದ್ಯಾರ್ಥಿಗಳಿಗಾಗಿ ಡಿಎನ್‌ಎ ಆಪ್ಟಮರ್‌ಗಳ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಬೇಕಾಗಿದೆ.

ತನ್ನಷ್ಟಕ್ಕೆ ತಾನೇ ಮಡಚಿಕೊಂಡು, ನಿರ್ದಿಷ್ಟ ಅಣುವಿಗೋ ಜೀವಕೋಶಕ್ಕೋ ಅಂಟಿಕೊಳ್ಳುವ ಒಂಟಿ ಎಳೆಯ ತುಣುಕು ಆಪ್ಟಮರ್. 1990ರಲ್ಲಿ ವಿಜ್ಞಾನಿಗಳಾದ ಎಲಿಂಗ್ಟನ್ ಮತ್ತು ಶೋಸ್ಟಾಕ್ ಇಟ್ಟ ಈ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಜೀವಕೋಶ’, ‘ಅಂಗಾಂಶ’, ‘ಎಳೆ’ ಇವೆಲ್ಲ ವಿದ್ಯಾರ್ಥಿಗಳಿಗೆ ಗೊತ್ತಿರುವ ಪದಗಳೇ.

ತೊಡಕಿರುವುದು ಆಯ್ಕೆಯ ವಿಧಾನದಲ್ಲಿ. ಕೋಟಿ ಕೋಟಿ ಬಗೆಯ ಎಳೆಗಳ ಮಿಶ್ರಣವನ್ನು ಮೊದಲು, ಉದಾಹರಣೆಗೆ, ಕ್ಯಾನ್ಸರ್ ಕೋಶಗಳ ಜೊತೆ ಬೆರೆಸುತ್ತಾರೆ. ಅಂಟದವು ತೊಳೆದು ಹೋಗುತ್ತವೆ. ಅಂಟಿದವನ್ನು ಕಾಯಿಸಿ ಬಿಡಿಸಿಕೊಳ್ಳುತ್ತಾರೆ. ಆದರೆ ಇವುಗಳಲ್ಲಿ ಯಾವ ಕೋಶ ಸಿಕ್ಕರೂ ಅಂಟುವವು ಸೇರಿರುತ್ತವೆ. ಆದ್ದರಿಂದ ಅವನ್ನು ಆರೋಗ್ಯವಂತ ಕೋಶಗಳ ಜೊತೆ ಇಡುತ್ತಾರೆ. ಈಗ ಲೆಕ್ಕ ತಿರುವುಮುರುವು: ಅಂಟಿದವು ಬೇಡ, ಅಂಟದೆ ದ್ರವದಲ್ಲಿ ಉಳಿದವೇ ಬೇಕು. ಅವನ್ನು ಪಿಸಿಆರ್ ಎಂಬ, ಡಿಎನ್‌ಎ ನಕಲು ಮಾಡುವ ವಿಧಾನದಿಂದ ಹೆಚ್ಚಿಸಿಕೊಂಡು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.

ಈ ಎರಡನೆಯ ಹೆಜ್ಜೆಗೆ ಇಂಗ್ಲಿಷಿನಲ್ಲಿ ‘ಕೌಂಟರ್ ಸೆಲೆಕ್ಷನ್’ ಅಥವಾ ‘ನೆಗೆಟಿವ್ ಸೆಲೆಕ್ಷನ್’ ಎನ್ನುತ್ತಾರೆ. ಇದನ್ನು ‘ಪ್ರತಿ ಆಯ್ಕೆ’ ಎಂದು ಬರೆದರೆ ‘ಪ್ರತಿಯೊಂದು ಆಯ್ಕೆ’ ಎಂದೇ ಓದಿಸಿಕೊಳ್ಳುತ್ತದೆ. ಕೆಲಸವೇ ಸುತ್ತು ಸುತ್ತಾಗಿ ನಡೆಯುವುದರಿಂದ ಆ ತಪ್ಪು ಓದು ಸಹಜವಾಗಿಯೂ ಕಾಣುತ್ತದೆ, ಅದೇ ಅಪಾಯ. ‘ಋಣ ಆಯ್ಕೆ’ ಸಾಲದ ಮಾತಾಗುತ್ತದೆ.

‘ಆಯು’ ಕ್ರಿಯಾಪದ ಎರಡೂ ಕಡೆ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಹೂವು ಆಯ್ದರೆ ಹೂವು ಬೇಕಾದದ್ದು; ಅಕ್ಕಿಯಲ್ಲಿ ಕಲ್ಲು ಆಯ್ದರೆ ಕಲ್ಲು ಬೇಡವಾದದ್ದು. ‘ಆಯ್ಕೆ’ ಎಂಬ ನಾಮಪದವಾದಾಗ ಮಾತ್ರ ಬೇಕಾದದ್ದರ ಅರ್ಥವೇ ಉಳಿದಿದೆ.

ನಮ್ಮ ಬೆಳಗಾವಿ, ವಿಜಯಪುರ ಕಡೆ ಜೋಳ ಬೀಸಿಸುವ ಮುನ್ನ ‘ಹಸನು’ ಮಾಡುತ್ತಾರೆ. ಕಲ್ಲು, ಮಣ್ಣು, ಹೊಟ್ಟು ತೆಗೆದು ಕಾಳನ್ನು ಉಳಿಸುವ ಕೆಲಸ ಅದು. ಮೊದಲ ಹೆಜ್ಜೆಗೆ ‘ಆಯ್ಕೆ ಸುತ್ತು’, ಎರಡನೆಯದಕ್ಕೆ ‘ಹಸನು ಸುತ್ತು’ ಎಂಬ ಜೋಡಿ ನನಗೆ ಬಹಳ ಹಿಡಿಸಿದೆ. ಆದರೆ ‘ಬದುಕು ಹಸನಾಯಿತು’ ಎನ್ನುವಲ್ಲಿ ಹಸನು ಎಂದರೆ ಚೆನ್ನಾಗುವುದು ಅಷ್ಟೇ, ತೆಗೆದುಹಾಕುವ ಅರ್ಥ ಅಲ್ಲಿಲ್ಲ.

ಮೈಸೂರು, ಮಲೆನಾಡು, ಕರಾವಳಿಯವರು ದಯವಿಟ್ಟು ತಿಳಿಸಿ: ಕಾಳುಕಡಿಯ ವಿಷಯದಲ್ಲಿ ನಿಮ್ಮಲ್ಲಿ ‘ಹಸನು’ ಬಳಕೆಯಲ್ಲಿದೆಯೇ? ಇಲ್ಲವಾದರೆ ಆ ಕೆಲಸಕ್ಕೆ ಏನೆನ್ನುತ್ತೀರಿ? ಬೀಜ, ತಳಿಗಳ ಬಗೆಗಿನ ಕನ್ನಡ ಬರಹಗಳಲ್ಲಿ ಬೇಡವಾದದ್ದನ್ನು ಆಯ್ದು ತೆಗೆಯುವುದಕ್ಕೆ ಬೇರೆ ಪದ ಕಂಡಿದ್ದರೆ, ಅದು ಬಂದಿರುವ ವಾಕ್ಯವನ್ನೂ ಸೇರಿಸಿ ಕಳುಹಿಸಿ.