ಮೂರನೇ ಕ್ಲಾಸಿನ ಹುಡುಗಿಗಿ ಓದ್ಲಿಕ್ಕೆ ಯಾವ ಖುರ್ಚಿ? ಟೇಬಲ್ 30 ಇಂಚ್ ಅದ

ಫರಸಿ_ಮನಿ (ಕಲಬುರಗಿ)

ಮಗಳಿಗಿ ಎಂಟು ವರ್ಷ, ಎತ್ತರ 126 ಸೆಂ.ಮೀ., ತೂಕ 24 ಕೆಜಿ. ಮನ್ಯಾಗ ಇರೋದು ಒಂದೇ ಟೇಬಲ್, 30 ಇಂಚ್ ಎತ್ತರ, ಮುಂದ ಡ್ರಾಯರ್ ಅದ. ಅದಕ ಆಫೀಸಿನ ಗಾಲಿ ಖುರ್ಚಿ ಹಾಕೀವಿ, ರೆಕ್ಸಿನ್ ಸೀಟು. ಬರೆಯೋ ಮುಂದ ಸೀಟಿನ ತುದಿಗಿ ಬಂದು ಕುಂದ್ರತಾಳ, ಒಂದು ಕಾಲು ಮಡಚಿ ಕೆಳಗ ಹಾಕೊಂತಾಳ, ಎದಿ ಟೇಬಲ್‌ಗಿ ಹಚ್ಚತಾಳ. ನೆಟ್ಟಗ ಕುಂದ್ರು ಅಂದ್ರ ಎರಡು ನಿಮಿಷ ಅಷ್ಟೇ. ಸೂಪರ್ ಮಾರ್ಕೆಟ್ ಕಡಿ ಮಕ್ಕಳ ಎರ್ಗೋನಾಮಿಕ್ ಖುರ್ಚಿ ಅಂತ ಎಂಟು-ಹತ್ತು ಸಾವಿರ ಹೇಳ್ತಾರ. ಅದು ತೊಗೊಬೇಕೋ, ಇದ್ದದ್ದನ್ನೇ ಸರಿ ಮಾಡ್ಲಿಕ್ಕೆ ಬರ್ತದೋ? ನೆಲ ಪಾಲಿಶ್ ಮಾಡಿದ ಶಹಾಬಾದ್ ಫರಸಿ. ತಿಳಿದವರು ಅಳತಿ ಸಮೇತ ಹೇಳ್ರಿ.

ಬೆನ್ನೆಲುಬು

ಆಕೆ ತುದಿಗೆ ಬರುವುದು ಹಟದಿಂದಲ್ಲ ಸರ್, ಸೀಟು ಆಕೆಗೆ ಉದ್ದವಾಗಿದೆ. ಆಫೀಸ್ ಖುರ್ಚಿಯ ಸೀಟು ಮುಂದಿನ ಅಂಚಿನಿಂದ ಬೆನ್ನಿನ ತನಕ ಸಾಮಾನ್ಯವಾಗಿ 45–48 ಸೆಂ.ಮೀ. ಇರುತ್ತದೆ. 126 ಸೆಂ.ಮೀ. ಎತ್ತರದ ಮಗುವಿಗೆ ಕುಂಡೆಯ ಹಿಂಭಾಗದಿಂದ ಮೊಣಕಾಲಿನ ಹಿಂದಿನ ಮಡಿಕೆಯ ತನಕ ಸುಮಾರು 34–35 ಅಷ್ಟೆ. ಬೆನ್ನು ಆನಿಸಲು ಹಿಂದೆ ಸರಿದರೆ ಕಾಲು ಮಡಚಲು ಜಾಗವೇ ಇಲ್ಲ, ನೇರ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹಾಗಾಗಿ ಮುಂದೆ ಬರುತ್ತಾಳೆ. ಮುಂದೆ ಬಂದರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಆಧಾರಕ್ಕೆ ಒಂದು ಕಾಲು ಮಡಚುತ್ತಾಳೆ, ಸೊಂಟ ಒಂದು ಕಡೆ ವಾಲುತ್ತದೆ, ಮೈಭಾರ ಟೇಬಲ್ ಮೇಲೆ ಬೀಳುತ್ತದೆ. ಎಷ್ಟು ಗದರಿದರೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮೂರು ಅಳತೆ ತೆಗೆಯಿರಿ. ಗಟ್ಟಿ ಸ್ಟೂಲ್ ಮೇಲೆ ಕೂರಿಸಿ, ಪಾದದ ಕೆಳಗೆ ಪುಸ್ತಕ ಇಟ್ಟು ತೊಡೆ ನೆಲಕ್ಕೆ ಸಮಾನಾಂತರವಾಗಿ ಬರುವಂತೆ ಮಾಡಿ. ಬರಿಗಾಲಲ್ಲೇ ಅಳೆಯಿರಿ, ಮನೆಯಲ್ಲಿ ಓದುವುದು ಬರಿಗಾಲಲ್ಲೇ ತಾನೆ.

ಮೊದಲನೆಯದು, ಮೊಣಕಾಲಿನ ಹಿಂದಿನ ಮಡಿಕೆಯಿಂದ ಪಾದ ಊರಿದ ಮಟ್ಟದ ತನಕ. ನಿಮ್ಮ ಮಗಳಿಗೆ 31–33 ಬರಬಹುದು. ಸೀಟಿನ ಎತ್ತರ ಇಷ್ಟೇ ಇರಬೇಕು, ಒಂದು ಸೆಂ.ಮೀ. ಕಡಿಮೆ ಇದ್ದರೂ ನಡೆಯುತ್ತದೆ, ಜಾಸ್ತಿ ಬೇಡ. ಎರಡನೆಯದು, ಕುಂಡೆಯಿಂದ ಮಡಿಕೆಯ ತನಕ. ಅದರಲ್ಲಿ 3–4 ಸೆಂ.ಮೀ. ಕಳೆದರೆ ಸಿಗುವುದು ಸೀಟಿನ ಆಳ. ಮಡಿಕೆಗೂ ಅಂಚಿಗೂ ನಡುವೆ ಎರಡು-ಮೂರು ಬೆರಳು ಸಲೀಸಾಗಿ ಹೋಗಬೇಕು. ಮೂರನೆಯದು, ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ ಸ್ಟೂಲಿನಿಂದ ಮೊಣಕೈ ತನಕ. ಇದು 17–18 ಇರುತ್ತದೆ. ಬರೆಯುವ ಟೇಬಲ್ ಇದಕ್ಕಿಂತ 2–3 ಸೆಂ.ಮೀ. ಮೇಲಿದ್ದರೆ ಸಾಕು.

ಈಗ ಲೆಕ್ಕ ಹಾಕಿ. ಸೀಟು 32, ಮೊಣಕೈ 18, ಮೇಲೆ 3: ಆಕೆಗೆ ಬೇಕಾದ ಟೇಬಲ್ 53 ಸೆಂ.ಮೀ. ನಿಮ್ಮದು 30 ಇಂಚು, ಅಂದರೆ 76. ಖುರ್ಚಿ ಎಷ್ಟೇ ದುಬಾರಿಯದಾದರೂ ಈ 23 ಸೆಂ.ಮೀ. ತಾನಾಗಿ ಕರಗುವುದಿಲ್ಲ. ಯೂರೋಪಿನ ಶಾಲಾ ಪೀಠೋಪಕರಣದ ಮಾನದಂಡ ಇಎನ್ 1729 ಕೂಡ 119ರಿಂದ 142 ಸೆಂ.ಮೀ. ಎತ್ತರದ ಮಕ್ಕಳಿಗೆ ಸೀಟು 35, ಟೇಬಲ್ 59 ಎನ್ನುತ್ತದೆ. ಇಡೀ ಗುಂಪಿಗೆ ಒಂದೇ ಅಳತೆ ಕೊಡಬೇಕಾದ್ದರಿಂದ ಅದು ಸ್ವಲ್ಪ ದೊಡ್ಡದು, ಆದರೂ 76ರ ಹತ್ತಿರ ಸುಳಿಯುವುದಿಲ್ಲ.

ದಾರಿ ಎರಡು. ಟೇಬಲ್ ತಗ್ಗಿಸಬೇಕು. ಇಲ್ಲವೇ ಮಗುವನ್ನು ಎತ್ತಬೇಕು: ಸೀಟು 55ಕ್ಕೆ, ಪಾದದ ಕೆಳಗೆ 23 ಸೆಂ.ಮೀ. ಎತ್ತರದ ಗಟ್ಟಿ ಮಣೆ. ಎರಡನೆಯ ದಾರಿ ಹಿಡಿದರೆ ಡ್ರಾಯರ್ ತೆಗೆಯಲೇಬೇಕು. ಹಲಗೆ 2, ಡ್ರಾಯರ್ 10 ಅಂತ ಹಿಡಿದರೂ ಕೆಳಗಿನ ಮಟ್ಟ 64ಕ್ಕೆ ಬರುತ್ತದೆ. ಸೀಟು 55 ಇದ್ದರೆ ತೊಡೆಗೆ ಉಳಿಯುವುದು 9 ಸೆಂ.ಮೀ. ತೊಡೆಯ ದಪ್ಪವೇ ಅದಕ್ಕಿಂತ ಜಾಸ್ತಿ, ಕಾಲು ಒಳಗೇ ಹೋಗುವುದಿಲ್ಲ.

ಬಡಿಗ್ಯಾನ_ಅಳತಿ (ಶಹಾಬಾದ್)

ಮ್ಯಾಲಿನವರ ಲೆಕ್ಕ ಖರೆ ಅದ. ಕಾಲಿಡೋ ಮಣಿ ಮಾಡ್ಸೋದಿದ್ರ ಒಂದೇ ಡಬ್ಬಿ ಮಾಡಿಸಬ್ಯಾಡ್ರಿ. ಹುಡುಗಿ ಬೆಳದಂಗ ಕಾಲೂ ಉದ್ದ ಆಗ್ತದ, ಮೊಣಕೈನೂ ಮ್ಯಾಲ ಹೋಗ್ತದ. ಅಂದ್ರ ಸೀಟು ಇಳಿಸಬೇಕು, ಮಣಿ ಅದಕ್ಕಿಂತ ಜಾಸ್ತಿ ಇಳಿಸಬೇಕು. ಅದಕ್ಕ 14 ಸೆಂ.ಮೀ.ದು ಒಂದು ಪೆಟ್ಟಿಗಿ ಹೊಡಸ್ರಿ, ಅದರ ಮ್ಯಾಲ 18 ಎಂ.ಎಂ. ಪ್ಲೈವುಡ್ಡಿನ ಐದು ಹಲಗಿ ಇಟ್ಟು ನಾಲ್ಕು ಮೂಲಿಗಿ ಆರ್‌ಪಾರ್ ಬೋಲ್ಟು ಹಾಕಸ್ರಿ. ಒಟ್ಟು 23 ಆಯ್ತು. ವರ್ಷಕ್ಕ ಒಂದೋ ಎರಡೋ ಹಲಗಿ ತೆಗಕೋತ ಹೋಗ್ರಿ. ಬೋಲ್ಟಿನ ತಲಿ ಹಲಗಿ ಒಳಗ ಕುಂದ್ರಬೇಕು, ಇಲ್ಲಂದ್ರ ಬರಿಗಾಲಿಗಿ ಚುಚ್ಚತದ. ಅಗಲ 40–45, ಆಳ 30. ಎರಡೂ ಪಾದ ಪೂರ್ತಿ ಊರಬೇಕು. ಕೆಳಗ ನಾಲ್ಕು ಕಡಿ ರಬ್ಬರ್ ಹಚ್ಚಸ್ರಿ, ಪಾಲಿಶ್ ಫರಸಿ ಮ್ಯಾಲ ಬರೇ ಕಟಗಿ ನಿಲ್ಲಂಗಿಲ್ಲ.

ಗಾಲಿ ಮಾತ್ರ ತೆಗೀರಿ. ಮಣಿ ಮ್ಯಾಲ ಕಾಲು ಒತ್ತಿದ ಕೂಡ್ಲೆ ಗಾಲಿ ಖುರ್ಚಿ ಹಿಂದ ಸರೀತದ. ಹುಡುಗಿ ಮತ್ತ ತುದಿಗಿ ಬರ್ತಾಳ, ನೀವು ಮಾಡಿದ್ದೆಲ್ಲಾ ನೀರಾಗ. ಗಾಲಿ ಕಡ್ಡಿ ಭಾಳ ಖುರ್ಚ್ಯಾಗ 11 ಎಂ.ಎಂ. ದಪ್ಪ ಇರ್ತದ. ಖುರ್ಚಿ ಬೋರಲ ಹಾಕಿ ನೆಟ್ಟಗ ಜಗ್ಗಿದ್ರ ಬರ್ತದ, ವಾರಿ ಮಾಡಿ ಜಗ್ಗಬ್ಯಾಡ್ರಿ, ಪ್ಲಾಸ್ಟಿಕ್ ಬೇಸ್ ಸೀಳತದ. ಅದೇ ಅಳತಿದು ಗಾಲಿ ಇಲ್ದ ಗುಂಡು ಪಾದ ಸಿಗ್ತಾವ, ಒಂದು ಗಾಲಿ ಸಂಗಟ ಒಯ್ದು ತೋರಿಸಿ ತೊಗೊಳ್ರಿ. ಐದೂ ಬದಲಿ ಮಾಡ್ರಿ, ಮೂರು ಇಲ್ಲಿ ಎರಡು ಅಲ್ಲಿ ಅಂತ ಬಿಡಬ್ಯಾಡ್ರಿ.

ಇನ್ನೊಂದು. ಸೀಟು ತಾನೇ ಕೆಳಗ ಕುಸೀಲಿಕ್ಹತ್ತಿದ್ರ ಒಳಗಿನ ಸೀಲ್ ಹೋಗ್ಯದ ಅಂತ ತಿಳೀರಿ. ಸೀಟು ಏರಿಸಿ ಇಳಿಸೋ ಗ್ಯಾಸ್ ಸಿಲಿಂಡರ್ ಹೊಸದೇ ಹಾಕಬೇಕು. ಅದಕ ವೆಲ್ಡಿಂಗ್ ಹೊಡಸ್ಲಿಕ್ಕೆ, ತೂತು ಕೊರಸ್ಲಿಕ್ಕೆ ಹೋಗಬ್ಯಾಡ್ರಿ. ಒಳಗ ನೈಟ್ರೋಜನ್ ಭಾಳ ಒತ್ತಡದಾಗ ತುಂಬಿರ್ತಾರ, ಸಿಡೀತದ.

ಫರಸಿ_ಮನಿ

ಅಳದೀವ್ರಿ. ಮಡಿಕೆ 32, ತೊಡಿ 34, ಮೊಣಕೈ 17. ಡ್ರಾಯರ್ ತೆಗೀಬಹುದು, ನಾಲ್ಕೇ ಸ್ಕ್ರೂ ಅವ. ಸೀಟಿನ ಆಳ 46 ಅದ, ಹಿಂದ ತಲದಿಂಬು ಇಟ್ರ ನಡೀತದೇನು? ಆಮ್ಯಾಲ ಕೈ ಇಡೋ ಹ್ಯಾಂಡಲ್ ಟೇಬಲ್ ಅಂಚಿಗಿ ತಾಕತಾವ. ಲಿವರ್ ಎತ್ತಿದ್ರ ಆಕಿ ಕುಂತಾಗ ಸೀಟು ಕೆಳಗ ಬರಂಗಿಲ್ಲ, ಕೆಟ್ಟದೇನು?

ಬೆನ್ನೆಲುಬು

ಕೆಟ್ಟಿಲ್ಲ. ಆ ಸಿಲಿಂಡರ್ ದೊಡ್ಡವರ ತೂಕಕ್ಕೆ ಮಾಡಿದ್ದು, 24 ಕೆಜಿಗೆ ಬಗ್ಗುವುದಿಲ್ಲ. ಲಿವರ್ ಎತ್ತಿದರೆ ಮೇಲಕ್ಕೂ ಏರಬಹುದು. ನೀವು ಕೂತು ಎತ್ತರ ಹೊಂದಿಸಿ, ಆಮೇಲೆ ಆಕೆಯನ್ನು ಕೂರಿಸಿ. ಹಿಂದೆ ಒರಗುವ ಸ್ಪ್ರಿಂಗೂ ಹಾಗೆಯೇ, ಆಕೆಯ ಭಾರಕ್ಕೆ ಒಂದೋ ಅಲುಗುವುದೇ ಇಲ್ಲ, ಇಲ್ಲವೇ ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಬರೆಯುವಾಗ ನೆಟ್ಟಗೆ ನಿಲ್ಲಿಸಿ ಲಾಕ್ ಮಾಡಿ.

ಆಳದ ವಿಷಯ ಸುಲಭವಿಲ್ಲ. ನಿಮಗೆ ಬೇಕಿರುವುದು 30, ಇರುವುದು 46. ಅಂದರೆ 16 ಸೆಂ.ಮೀ. ತುಂಬಬೇಕು. ತಲೆದಿಂಬು ಹತ್ತು ನಿಮಿಷದಲ್ಲಿ ಚಪ್ಪಟೆಯಾಗಿ ಮೇಲಕ್ಕೆ ಉಬ್ಬುತ್ತದೆ, ಬೆನ್ನು ಮತ್ತೆ ಬಾಗುತ್ತದೆ. ಗಾದಿ ಅಂಗಡಿಯಲ್ಲಿ ಸಿಗುವ ಗಟ್ಟಿ ರೀಬಾಂಡೆಡ್ ಫೋಮ್ (ಫೋಮ್ ಚೂರು ಒತ್ತಿ ಅಂಟಿಸಿದ್ದು) ಕೊಯ್ಸಿ, ಬೆಲ್ಟ್ ಹಾಕಿ ಬೆನ್ನಿಗೆ ಕಟ್ಟಬಹುದು. ಆದರೆ ಅದು 8–10 ಸೆಂ.ಮೀ. ತನಕ ಮಾತ್ರ ಸರಿ. 16 ಇಟ್ಟರೆ ಮಗು ಸೀಟಿನ ಮುಂದಿನ ಭಾಗದಲ್ಲೇ ಕೂತಂತಾಗುತ್ತದೆ. ಹತ್ತುವಾಗ, ಇಳಿಯುವಾಗ ಖುರ್ಚಿ ಮುಂದಕ್ಕೆ ಮಗುಚಬಹುದು. ಅದೂ ಅಲ್ಲದೆ ದೊಡ್ಡವರ ಖುರ್ಚಿಯಲ್ಲಿ ಸೊಂಟದ ಉಬ್ಬು 20 ಸೆಂ.ಮೀ. ಆಸುಪಾಸಿನಲ್ಲಿ ಬರುತ್ತದೆ, ಈ ವಯಸ್ಸಿಗೆ 13–15ರಲ್ಲಿ ಬೇಕು. ಈ ಖುರ್ಚಿ ಆಕೆಗೆ ಆಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಹೊಸದು ಕೊಳ್ಳುವುದಾದರೆ ಬ್ರ್ಯಾಂಡ್ ಬಿಡಿ, ಟೇಪು ಹಿಡಿದು ಹೋಗಿ. ಸೀಟಿನ ಆಳ ಜರುಗುವಂತಿರಬೇಕು, ಕನಿಷ್ಠ 30ಕ್ಕೆ ಬರಬೇಕು. ಎತ್ತರ ಮಾತ್ರ ಬದಲಾಗಿ ಆಳ ಬದಲಾಗದಿದ್ದರೆ ಅದು ಬಣ್ಣ ಬಳಿದ ಸಣ್ಣ ಆಫೀಸ್ ಖುರ್ಚಿ ಅಷ್ಟೆ. ಟೇಬಲ್ ತಗ್ಗಿಸದೆ ಇದೇ ಟೇಬಲ್ಲಿಗೆ ಬಳಸುವುದಾದರೆ ಸೀಟು 55ರ ತನಕ ಏರುತ್ತದೆಯೇ ನೋಡಿ. ಮಕ್ಕಳ ಖುರ್ಚಿ ಹಲವು ಅಷ್ಟು ಏರುವುದಿಲ್ಲ. ಜಾಳಿಗೆ ಸೀಟು ನಮ್ಮ ಬಿಸಿಲಿಗೆ ಚೆಂದ ಕಾಣುತ್ತದೆ, ಆದರೆ ಹಗುರ ಮಗುವಿಗೆ ಜಾಳಿಗೆ ತಗ್ಗುವುದಿಲ್ಲ, ಮುಂದಿನ ಚೌಕಟ್ಟು ತೊಡೆಗೆ ಒತ್ತುತ್ತದೆ. ಬೆನ್ನಿಗೆ ಜಾಳಿಗೆ, ಸೀಟಿಗೆ ಬಟ್ಟೆ ಹೊದಿಸಿದ ಫೋಮ್ ಒಳ್ಳೆಯದು. ರೆಕ್ಸಿನ್ ಮೇ ತಿಂಗಳಲ್ಲಿ ತೊಡೆಗೆ ಅಂಟುತ್ತದೆ, ಅದಕ್ಕೂ ಮಕ್ಕಳು ತುದಿಗೆ ಬರುತ್ತಾರೆ.

ಬಡಿಗ್ಯಾನ_ಅಳತಿ (ಶಹಾಬಾದ್)

ಹ್ಯಾಂಡಲ್ ಬಿಚ್ಚಿಬಿಡ್ರಿ. ಸಣ್ಣ ಹುಡುಗರಿಗಿ ಅವು ಅಗಲ ಆಗ್ತಾವ, ಕೈ ಇಡ್ಲಿಕ್ಕೆ ಹೋದ್ರ ಭುಜ ಮ್ಯಾಲ ಏರ್ತಾವ. ಬಿಚ್ಚಿದ ಬೋಲ್ಟು ತಿರುಗಿ ಸೀಟಿಗಿ ಹಾಕಬ್ಯಾಡ್ರಿ. ಹ್ಯಾಂಡಲಿನ ಪಟ್ಟಿ ಇಲ್ದಕ್ಕ ಬೋಲ್ಟು ಅಷ್ಟು ಒಳಗ ಹೋಗಿ ಫೋಮಿನಿಂದ ಮ್ಯಾಲ ಚುಚ್ಚತದ. ತೂತಿಗಿ ಟೇಪ್ ಹಚ್ರಿ ಸಾಕು.

ಎರಿ_ಹೊಲ (ಯಾದಗಿರಿ)

ಎಂಟು ವರ್ಷದ ಹುಡುಗಿಗಿ ಖುರ್ಚಿನೇ ಬೇಕು ಅಂತ ಯಾಕ್ರಿ? ನೆಲದ ಮ್ಯಾಲ ಚಕ್ಕಾಲಬಕ್ಕಲ ಹಾಕಿ ಕುಂತು, ಮುಂದ ಸಣ್ಣ ಡೆಸ್ಕು ಇಟ್ರೂ ಲೆಕ್ಕ ಅದೇ. 5–6 ಸೆಂ.ಮೀ. ಗಟ್ಟಿ ದಿಂಬು ಕುಂಡಿ ಕೆಳಗ ಇಟ್ರ ಸೊಂಟ ಹಿಂದ ಬೀಳಂಗಿಲ್ಲ. ದಿಂಬು 6, ಮೊಣಕೈ 17, ಮ್ಯಾಲ 3: ಡೆಸ್ಕು 26 ಸೆಂ.ಮೀ., ಹತ್ತು ಇಂಚು ಚಿಲ್ಲರ. ಮ್ಯಾಲಿನ ಹಲಗಿ ತನ್ನ ಕಡಿ ಸ್ವಲ್ಪ ಇಳಿಜಾರು ಇರಲಿ, ಕುತ್ತಿಗಿ ಕಡಿಮಿ ಬಾಗ್ತದ. ಕಾಲು ಜೋಮು ಹಿಡಿಯೋ ಮುಂಚೆ, ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ, ಎಬ್ಬಿಸ್ರಿ.

ಬೆನ್ನೆಲುಬು

ಇದನ್ನು ಒಪ್ಪುತ್ತೇನೆ, ಒಂದು ಷರತ್ತು ಇಟ್ಟು: ಮಂಡಿ ಹೊರಗೆ ಚೆಲ್ಲಿ ಡಬ್ಲ್ಯೂ ಆಕಾರದಲ್ಲಿ ಕೂರುವ ರೂಢಿ ಇದ್ದರೆ ಬಿಡಿಸಿ. ಖುರ್ಚಿಯಲ್ಲಿ ಕೂತರೂ ಆ ಇಪ್ಪತ್ತು-ಮೂವತ್ತು ನಿಮಿಷದ ಮಾತು ಅನ್ವಯಿಸುತ್ತದೆ.

ಯಾವುದು ಮಾಡಿದರೂ ಕೂರಿಸಿದ ಮೇಲೆ ಪಕ್ಕದಿಂದ ನೋಡಿ. ಖುರ್ಚಿಯಾದರೆ ತೊಡೆಯ ಮುಂಭಾಗಕ್ಕೂ ಸೀಟಿಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರಿಸಿ. ತೂರಿಸಲು ಕಷ್ಟವಾದರೆ ಪಾದ ತೂಗುತ್ತಿದೆ, ಮಣೆಗೆ ಒಂದು ಹಲಗೆ ಸೇರಿಸಿ. ಕೈ ತೀರಾ ಸಡಿಲವಾಗಿ ಆಡಿ ಮಂಡಿ ಮೇಲೆದ್ದಿದ್ದರೆ ಒಂದು ಹಲಗೆ ತೆಗೆಯಿರಿ. ಬರೆಯುವಾಗ ಭುಜ ಕಿವಿಯತ್ತ ಏರಿದರೆ ಟೇಬಲ್ ಎತ್ತರವಾಯಿತು, ಮುಖ ಪುಸ್ತಕಕ್ಕೆ ಅಂಟಿದರೆ ತಗ್ಗಾಯಿತು. ಎರಡೂ ಸರಿ ಇದ್ದು ಮುಖ ಮಾತ್ರ ಹತ್ತಿರ ಹೋಗುತ್ತಿದ್ದರೆ ಖುರ್ಚಿ ಬಿಟ್ಟು ಕಣ್ಣು ತೋರಿಸಿ. ಬಲಗೈಯವಳಾದರೆ ದೀಪ ಎಡಕ್ಕಿರಲಿ.

ಫರಸಿ_ಮನಿ

ಹಂಗಾದ್ರ ಆಫೀಸ್ ಖುರ್ಚಿ ನಾ ಇಟ್ಕೊಂತೀನಿ. ಸದ್ಯ 26 ಸೆಂ.ಮೀ. ಡೆಸ್ಕು ಮಾಡಸ್ತೀನ್ರಿ. ಕೆಳಗ ಮಂಡಿಗಿ ಎಷ್ಟು ಜಾಗ ಬಿಡಬೇಕು?

ಬಡಿಗ್ಯಾನ_ಅಳತಿ (ಶಹಾಬಾದ್)

ಹಲಗಿ 12 ಎಂ.ಎಂ. ಹಾಕಸ್ರಿ, ಕೆಳಗ ಅಡ್ಡಪಟ್ಟಿ ಮುಂದಿನ ಬದಿ ಬ್ಯಾಡ, ಹಿಂದಿನ ಬದಿ ಅಷ್ಟೇ. ಅವಾಗ 24 ಮ್ಯಾಲ ಖಾಲಿ ಸಿಗ್ತದ. ಡೆಸ್ಕಿನ ಎರಡು ಕಾಲಿನ ನಡು ಒಳಗ 65 ಸೆಂ.ಮೀ. ಇರ್ಲಿ. ಕಾಲಿಗಿ ನಟ್ಟು ಹಾಕಿ ಎತ್ತರ ಏರಿಸಂಗ ಮಾಡ್ಸಿದ್ರ ಐದನೇ ಕ್ಲಾಸಿನ ತನಕ ಬರ್ತದ.