ಪದಚರ್ಚೆ: ‘ಪರ್ಫಾರ್ಮೆನ್ಸ್ ಅಪ್‌ಗ್ರೇಡ್’ಗೆ ಕನ್ನಡದಲ್ಲಿ ಒಂದೇ ಪದ ಬೇಕೆ?

ಮಾನ್ಯರೇ,

ಮರಳು, ಕೆಸರು, ಕಲ್ಲುಗುಡ್ಡಗಳ ಮೇಲೆ ಓಡಿಸಲೆಂದೇ ಕಟ್ಟಿದ, ಅಕ್ಕಪಕ್ಕ ಕೂರುವ ಆಸನಗಳಿರುವುದರಿಂದ ‘ಸೈಡ್-ಬೈ-ಸೈಡ್’ ಎಂದು ಕರೆಯಲಾಗುವ ಬಂಡಿಯ ಹೊಸ ಮಾದರಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಿಂದಿನ ಮಾದರಿಗೂ ಇದಕ್ಕೂ ಇರುವ ವ್ಯತ್ಯಾಸಗಳನ್ನು ವಿವರಿಸುವ ಅಧ್ಯಾಯದ ತಲೆಬರಹವೇ ‘ಪರ್ಫಾರ್ಮೆನ್ಸ್ ಅಪ್‌ಗ್ರೇಡ್ಸ್’. ಮೊದಲ ಕರಡಿನಲ್ಲಿ ಅದನ್ನು ‘ಪ್ರದರ್ಶನ ಉನ್ನತೀಕರಣ’ ಎಂದು ಬರೆದಿದ್ದೆ. ಗಾಡಿ ರಿಪೇರಿಯಲ್ಲೇ ಕೈ ಕಪ್ಪಾಗಿಸಿಕೊಂಡ ಗೆಳೆಯರೊಬ್ಬರು ಅದನ್ನು ಓದಿ, ‘ಪ್ರದರ್ಶನ ಯಾವ ತಾರೀಕಿಗೆ, ಟಿಕೆಟ್ ಉಂಟೋ?’ ಎಂದು ಕೇಳಿದರು. ಅಂದಿನಿಂದ ಈ ತಲೆಬರಹ ನನ್ನ ತಲೆಯಲ್ಲೇ ಕೂತಿದೆ. ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬಲ್ಲವರು ತಿದ್ದಬೇಕು.

ಮೊದಲು ‘ಪರ್ಫಾರ್ಮೆನ್ಸ್’. ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಉತ್ತಮ ಪ್ರದರ್ಶನ’ ಎಂಬುದು ಎಷ್ಟು ಬೇರುಬಿಟ್ಟಿದೆಯೆಂದರೆ ಯಂತ್ರಗಳ ಬಗೆಗೂ ಅದನ್ನೇ ಬರೆಯುವ ರೂಢಿ ಬಂದುಬಿಟ್ಟಿದೆ. ಆದರೆ ಆಟಗಾರ ನೋಡುವವರ ಮುಂದೆ ಆಡುತ್ತಾನೆ, ಇಂಜಿನ್ ಯಾರ ಮುಂದೆಯೂ ಏನನ್ನೂ ಪ್ರದರ್ಶಿಸುವುದಿಲ್ಲ. ತಾಂತ್ರಿಕ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಕಾರ್ಯಕ್ಷಮತೆ’ ಇದಕ್ಕಿಂತ ಮೇಲು ಎಂದುಕೊಂಡಿದ್ದೆ. ಅದರ ತೊಡಕು ಬೇರೆ. ‘ಇಂಧನ ಕ್ಷಮತೆ’ ಎಂದಾಗ ನಾವು ಹೇಳುವುದು ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡುವ ಗುಣವನ್ನು. ಈ ಬಂಡಿಗಳಲ್ಲಿ ಆಗುವುದು ಬಹುಪಾಲು ಇದಕ್ಕೆ ತದ್ವಿರುದ್ಧ: ಇಂಜಿನ್ನಿನೊಳಕ್ಕೆ ಗಾಳಿ ತುರುಕುವ ಟರ್ಬೊದ ಒತ್ತಡ ಏರಿಸಿದಾಗ ಇಂಜಿನ್ನಿಗೆ ಕಸುವು ಬರುತ್ತದೆ, ಜೊತೆಗೆ ಪೆಟ್ರೋಲ್ ಕುಡಿಯುವುದೂ ಬಿಸಿಯಾಗುವುದೂ ಹೆಚ್ಚುತ್ತದೆ. ಅದನ್ನು ‘ಕಾರ್ಯಕ್ಷಮತೆ ಹೆಚ್ಚಿದೆ’ ಎಂದು ಬರೆದರೆ ಓದಿದವನು ಮೈಲೇಜ್ ಹೆಚ್ಚಿದೆಯೆಂದು ಹಿಗ್ಗಬಹುದು.

‘ಸಾಮರ್ಥ್ಯ’ ಎನ್ನೋಣವೇ? ಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಈ ಮೂರಕ್ಕೂ ಬೇರೆ ಬೇರೆ ಅರ್ಥವಿದ್ದು, ಅಲ್ಲಿ ‘ಸಾಮರ್ಥ್ಯ’ವೆಂದರೆ ಕೆಲಸ ನಡೆಯುವ ದರ, ಅಂದರೆ ವ್ಯಾಟಿನಲ್ಲಿ ಅಳೆಯುವಂಥದ್ದು. ಗಾಡಿ ಮಾರುವವರ ಬಾಯಲ್ಲಾದರೋ ‘ಇಂಜಿನ್ ಸಾಮರ್ಥ್ಯ’ ಎಂದರೆ ಸಿಸಿ, ಅಂದರೆ ಸಿಲಿಂಡರುಗಳ ಒಳಗಿನ ಜಾಗ. ಪುಸ್ತಕದ ಪ್ರಕಾರ ‘ಸಾಮರ್ಥ್ಯ’ವಾಗಬೇಕಾದ ಅಳತೆಯನ್ನು ಬೀದಿಯಲ್ಲಿ ನಾವು ‘ಅಶ್ವಶಕ್ತಿ’ ಎನ್ನುತ್ತೇವೆ. ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕ್ಯಾನ್-ಆಮ್ ಮ್ಯಾವೆರಿಕ್ ಆರ್ ಎಂಬ ಬಂಡಿಯ ಟರ್ಬೊ ಇಂಜಿನ್ ಸುಮಾರು 1000 ಸಿಸಿಯದು, ತಯಾರಕರು ಹೇಳುವ ಶಕ್ತಿ 240 ಎಚ್‌ಪಿ. ಪೊಲಾರಿಸ್ ಆರ್‌ಝಡ್‌ಆರ್ ಪ್ರೊ ಆರ್‌ನ ಇಂಜಿನ್ ಸುಮಾರು 2000 ಸಿಸಿಯದು, ಟರ್ಬೊ ಇಲ್ಲದೆ ತಾನೇ ಉಸಿರೆಳೆದುಕೊಳ್ಳುವಂಥದ್ದು, ಅದರ ಶಕ್ತಿ 225 ಎಚ್‌ಪಿ. ಇವೆರಡರಲ್ಲಿ ‘ಸಾಮರ್ಥ್ಯ’ ಹೆಚ್ಚಿರುವುದು ಯಾವುದಕ್ಕೆ? ಒಂದು ಅರ್ಥದಲ್ಲಿ ಮೊದಲನೆಯದಕ್ಕೆ, ಇನ್ನೊಂದರಲ್ಲಿ ಎರಡನೆಯದಕ್ಕೆ. ಹಾಗಾಗಿ ಈ ಪದವನ್ನು ಇಡೀ ಕೈಪಿಡಿಯಿಂದಲೇ ಹೊರಗಿಟ್ಟಿದ್ದೇನೆ. ಜಾಗಕ್ಕೆ ‘ಸಿಸಿ’, ಕಸುವಿಗೆ ‘ಅಶ್ವಶಕ್ತಿ’.

ಅಶ್ವಶಕ್ತಿಯಲ್ಲೂ ಒಂದು ಗುಂಡಿಯಿದೆ. ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ಪಿಎಸ್ ಎಂಬ ಮೆಟ್ರಿಕ್ ಅಳತೆ ಸುಮಾರು 735.5 ವ್ಯಾಟ್. ಕನ್ನಡದಲ್ಲಿ ಎರಡೂ ‘ಅಶ್ವಶಕ್ತಿ’ಯೇ. 240 ಎಚ್‌ಪಿಯನ್ನು ಪಿಎಸ್ ಲೆಕ್ಕದಲ್ಲಿ ಬರೆದರೆ 243 ಆಗುತ್ತದೆ. ಹೋದ ವರ್ಷದ ಪಟ್ಟಿ ಒಂದು ಅಳತೆಯಲ್ಲಿ, ಈ ವರ್ಷದ್ದು ಇನ್ನೊಂದರಲ್ಲಿ ಇದ್ದರೆ, ಇಂಜಿನ್ನಿನ ಒಂದು ತಿರುಪನ್ನೂ ಮುಟ್ಟದೆ ಮೂರು ಕುದುರೆಗಳು ಹೆಚ್ಚಿಗೆ ಬಂದು ಲಾಯದಲ್ಲಿ ನಿಂತಿರುತ್ತವೆ. ನಾನು ಕಿಲೋವ್ಯಾಟನ್ನೂ ಪಕ್ಕದಲ್ಲಿ ಬರೆಯುತ್ತಿದ್ದೇನೆ.

ಇನ್ನು ‘ಅಪ್‌ಗ್ರೇಡ್’. ಆಸ್ಪತ್ರೆ, ಶಾಲೆ, ರಸ್ತೆಗಳನ್ನು ‘ಮೇಲ್ದರ್ಜೆಗೇರಿಸುವುದು’ ಸರ್ಕಾರಿ ಕನ್ನಡದಲ್ಲಿ ನೆಲೆನಿಂತ ಮಾತು, ಏಕೆಂದರೆ ಅಲ್ಲಿ ನಿಜವಾಗಿಯೂ ದರ್ಜೆಗಳಿವೆ. ಶಾಕ್ ಅಬ್ಸಾರ್ಬರಿಗೆ ದರ್ಜೆಯೆಲ್ಲಿಂದ ಬಂತು? ‘ನವೀಕರಣ’ ಎಂದರೆ ಪರವಾನಗಿಯ ಅವಧಿ ಮುಂದುವರಿಸಿದ ಹಾಗೆ ಅಥವಾ ಹಳೆಯ ಕಟ್ಟಡಕ್ಕೆ ಸುಣ್ಣಬಣ್ಣ ಬಳಿದ ಹಾಗೆ ಕೇಳುತ್ತದೆ. ‘ಪರಿಷ್ಕರಣೆ’ ಪಠ್ಯಕ್ಕೂ ಸಂಬಳಕ್ಕೂ ಸೇರಿದ್ದು. ‘ಸುಧಾರಣೆ’ ಇವೆಲ್ಲಕ್ಕಿಂತ ಹತ್ತಿರದ್ದಾದರೂ, ಮಾಡಿದ ಬದಲಾವಣೆ ಒಳ್ಳೆಯದಕ್ಕೇ ಆಯಿತೆಂದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

ಆ ತೀರ್ಪು ಎಷ್ಟರಮಟ್ಟಿಗೆ ಸರಿಯೆಂದು ಟೈರಿನ ಒಂದು ಉದಾಹರಣೆಯಿಂದ ನೋಡಬಹುದು. ಬಂಡಿಯ ಜೊತೆಗೆ ಬಂದ 28 ಅಂಗುಲದ ಟೈರುಗಳನ್ನು ಬಿಚ್ಚಿ 32 ಅಂಗುಲದವನ್ನು ಹಾಕಿಸಿದರೆ, ಟೈರಿನ ಎತ್ತರದಲ್ಲಿ ಹೆಚ್ಚಾದ ನಾಲ್ಕು ಅಂಗುಲದ ಅರ್ಧ, ಅಂದರೆ ಎರಡು ಅಂಗುಲದಷ್ಟು, ಬಂಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ. ಕಲ್ಲು ತಾಗುವುದು ಕಡಿಮೆಯಾಗುತ್ತದೆ. ಇದು ಲಾಭ. ಆದರೆ ಅಷ್ಟೇ ತಿರುಚುಬಲ (ಟಾರ್ಕ್) ಈಗ ದೊಡ್ಡ ಗಾಲಿಯ ಅಂಚನ್ನು ತಳ್ಳಬೇಕಾಗಿರುವುದರಿಂದ ನೆಲಕ್ಕೆ ಮುಟ್ಟುವ ತಳ್ಳುಬಲ ಎಂಟರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಗೇರ್‌ಪೆಟ್ಟಿಗೆಯ ಸುತ್ತುಗಳನ್ನು ಎಣಿಸಿ ವೇಗ ತೋರಿಸುವ ಮಾಪಕವಾದರೆ ಮುಳ್ಳು 70ರಲ್ಲಿರುವಾಗ ಬಂಡಿ 80ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ, ಇಂಜಿನ್ನಿನ ಕಸುವನ್ನು ಗೇರ್‌ಪೆಟ್ಟಿಗೆಗೆ ಒಯ್ಯುವ ಬೆಲ್ಟು ಬಿಸಿಯಾಗುತ್ತದೆ. ಇದನ್ನು ‘ಟೈರುಗಳ ಉನ್ನತೀಕರಣ’ ಎಂದರೆ ಅದು ಅರ್ಧಸತ್ಯ. ‘ಟೈರು ದೊಡ್ಡದು ಮಾಡಿಸಿದ್ದಾರೆ’ ಎಂದರೆ ಪೂರ್ಣಸತ್ಯ. ಒಳ್ಳೆಯದೋ ಕೆಟ್ಟದ್ದೋ ಓದುಗನೇ ತೂಗಿ ನೋಡಲಿ.

ಇಲ್ಲಿಗೆ ಬಂದಾಗಲೇ ನನಗೆ ಹೊಳೆದದ್ದು, ನಾಮಪದವನ್ನು ಹುಡುಕುತ್ತ ಹೊರಟದ್ದೇ ತಪ್ಪು ಎಂದು. ಕಾರ್ಖಾನೆಯವರೇ ಹೊಸ ಮಾದರಿಯಲ್ಲಿ ಸೇರಿಸಿ ಕಳುಹಿಸಿದ್ದೂ ‘ಅಪ್‌ಗ್ರೇಡ್’. ಕೊಂಡವನು ಆಮೇಲೆ ತನ್ನ ಖರ್ಚಿನಲ್ಲಿ ಹಾಕಿಸಿಕೊಂಡದ್ದೂ ‘ಅಪ್‌ಗ್ರೇಡ್’. ಕೈಪಿಡಿಯಲ್ಲಿ ಇವೆರಡೂ ಬೆರೆಯಬಾರದು, ಏಕೆಂದರೆ ಮೊದಲನೆಯದಕ್ಕೆ ವಾರಂಟಿ ಇರುತ್ತದೆ, ಇಂಜಿನ್ನಿನ ಕಂಪ್ಯೂಟರಿನಲ್ಲಿ ಹೊರಗಿನವರಿಂದ ಬೇರೆ ಟ್ಯೂನ್, ಅಂದರೆ ಇಂಜಿನ್ನನ್ನು ನಡೆಸುವ ಬೇರೆ ಹೊಂದಿಕೆ, ತುಂಬಿಸಿಕೊಂಡರೆ ಆ ವಾರಂಟಿಗೇ ಕುತ್ತು ಬರಬಹುದು. ಕನ್ನಡದ ಕ್ರಿಯಾಪದ ಈ ಭೇದವನ್ನು ಯಾವ ಹೊಸ ಪದದ ಹಂಗೂ ಇಲ್ಲದೆ ಹೇಳುತ್ತದೆ: ‘ಒತ್ತಡ ಹೆಚ್ಚಿದೆ’, ‘ಒತ್ತಡ ಹೆಚ್ಚಿಸಿದ್ದಾರೆ’, ‘ಒತ್ತಡ ಹೆಚ್ಚಿಸಿ ಕೊಟ್ಟಿದ್ದಾರೆ’, ‘ಒತ್ತಡ ಹೆಚ್ಚಿಸಿಕೊಂಡಿದ್ದಾರೆ’. ‘ಇಸು’ ಬಂದ ಕೂಡಲೇ ಮಾಡಿದವನೊಬ್ಬನಿದ್ದಾನೆಂದು ತಿಳಿಯುತ್ತದೆ. ‘ಕೊಡು’ ಬಂದರೆ ಕಾರ್ಖಾನೆ, ‘ಕೊಳ್ಳು’ ಬಂದರೆ ಒಡೆಯ. ಆದ್ದರಿಂದ ಅಧ್ಯಾಯದ ತಲೆಬರಹವನ್ನು ‘ಈ ಮಾದರಿಯಲ್ಲಿ ಹೆಚ್ಚಿಸಿ ಕೊಟ್ಟಿರುವುದು’ ಎಂದು ಮಾಡಿ, ಮುಂದಿನದನ್ನು ‘ನೀವು ಹಾಕಿಸಿಕೊಳ್ಳಬಹುದಾದದ್ದು’ ಎಂದು ಬರೆದಿದ್ದೇನೆ. ತಲೆಬರಹಕ್ಕೆ ಇದು ಉದ್ದವಾಯಿತೆಂದು ಆಕ್ಷೇಪ ಬರಬಹುದು. ಬರಲಿ.

ಬಿಡಿಭಾಗಗಳ ಹೆಸರುಗಳಲ್ಲಿ ಹೆಚ್ಚಿನವುಗಳ ಬಗ್ಗೆ ನನಗೆ ತಕರಾರಿಲ್ಲ. ಟರ್ಬೊ, ರೇಡಿಯೇಟರ್, ಡಿಫರೆನ್ಷಿಯಲ್ ಲಾಕ್, ಪವರ್ ಸ್ಟಿಯರಿಂಗ್ ಹಾಗೆಯೇ ಇರಲಿ. ಎರಡು ಕಡೆ ಮಾತ್ರ ರೂಢಿಯ ಪದವೇ ದಾರಿ ತಪ್ಪಿಸುತ್ತದೆ.

ಒಂದು ‘ಕ್ಲಚ್’. ಈ ಬಂಡಿಗಳಲ್ಲಿ ಹೆಚ್ಚಿನವು ಬೆಲ್ಟಿನಿಂದ ಓಡುತ್ತವೆ. ಇಂಜಿನ್ನಿನ ಕಡೆಗೊಂದು, ಗೇರ್‌ಪೆಟ್ಟಿಗೆಯ ಕಡೆಗೊಂದು, ಹೀಗೆ ಎರಡು ಜೋಡಿ ಇಳಿಜಾರು ತಟ್ಟೆಗಳ ನಡುವೆ ದಪ್ಪ ರಬ್ಬರ್ ಬೆಲ್ಟು ಸುತ್ತುತ್ತದೆ. ಇಂಜಿನ್ನಿನ ಸುತ್ತು ಏರಿದಂತೆ ಮುಂದಿನ ಜೋಡಿಯೊಳಗಿನ ತೂಕದ ತುಂಡುಗಳು ಹೊರಕ್ಕೆ ಎಸೆಯಲ್ಪಟ್ಟು ತಟ್ಟೆಗಳನ್ನು ಒಂದಕ್ಕೊಂದು ಒತ್ತುತ್ತವೆ, ಬೆಲ್ಟು ಅಂಚಿನತ್ತ ಏರುತ್ತದೆ. ಹಿಂದಿನ ಜೋಡಿ ಸ್ಪ್ರಿಂಗಿನ ಬಿಗಿಯನ್ನು ಮೀರಿ ಬಾಯಿ ತೆರೆಯುತ್ತದೆ, ಅಲ್ಲಿ ಬೆಲ್ಟು ನಡುವಿಗೆ ಇಳಿಯುತ್ತದೆ. ಗೇರಿಲ್ಲದ ಸ್ಕೂಟರನ್ನು ಬಿಚ್ಚಿ ನೋಡಿದವರಿಗೆ ಇದು ಹೊಸತಲ್ಲ, ಅವರು ಇದನ್ನು ವೇರಿಯೇಟರ್ ಎನ್ನುತ್ತಾರೆ, ತೂಕಗಳನ್ನು ರೋಲರ್ ಎನ್ನುತ್ತಾರೆ. ಮೂಲದಲ್ಲಿ ಮಾತ್ರ ಎರಡೂ ಜೋಡಿಗಳ ಹೆಸರು ‘ಕ್ಲಚ್’. ಕನ್ನಡದಲ್ಲಿ ‘ಕ್ಲಚ್ ಬದಲಾಯಿಸಿದೆ’ ಎಂದು ಓದಿದವನ ಎಡಗಾಲು ಪೆಡಲನ್ನು ಹುಡುಕುತ್ತದೆ, ಪೆಡಲೇ ಇಲ್ಲ. ಹಾಗಾಗಿ ‘ಮುಂದಿನ ಬೆಲ್ಟುತಟ್ಟೆ’, ‘ಹಿಂದಿನ ಬೆಲ್ಟುತಟ್ಟೆ’ ಎಂದು ಬರೆದಿದ್ದೇನೆ. ಮುಂದು, ಹಿಂದು ಎನ್ನುವುದು ಇಂಜಿನ್ನಿನಿಂದ ಗಾಲಿಗೆ ಕಸುವು ಹರಿಯುವ ಕ್ರಮದಲ್ಲಿ. ‘ಬೆಲ್ಟುತಟ್ಟೆಯ ತೂಕಗಳನ್ನು ಹಗುರ ಮಾಡಿದ್ದಾರೆ, ಆದ್ದರಿಂದ ಇಂಜಿನ್ ಹೆಚ್ಚಿನ ಸುತ್ತಿಗೆ ಏರಿದ ಮೇಲೆಯೇ ಬೆಲ್ಟು ಮೇಲೇರುತ್ತದೆ’ ಎಂಬ ವಾಕ್ಯವನ್ನು ಮೇಲೆ ಹೇಳಿದ ಗೆಳೆಯರು ಒಂದೇ ಓದಿಗೆ ಒಪ್ಪಿದರು.

ಇನ್ನೊಂದು ಶಾಕ್‌ಗಳ ವಿಷಯ. ‘ಡ್ಯಾಂಪಿಂಗ್’ಗೆ ಪಠ್ಯಪುಸ್ತಕದ ‘ಅವಮಂದನ’ ಇದೆ, ಆದರೆ ಅದರಲ್ಲಿ ಎರಡು ಬಗೆಯಿರುವುದನ್ನು ಅದು ಕಾಣಿಸುವುದಿಲ್ಲ. ಗಾಲಿ ಕಲ್ಲಿಗೆ ಏರಿದಾಗ ಶಾಕ್ ಅದುಮಿಕೊಳ್ಳುವ ವೇಗವನ್ನು ತಡೆಯುವುದು ಒಂದು. ಅದುಮಿದ ಸ್ಪ್ರಿಂಗ್ ಮತ್ತೆ ಚಿಮ್ಮುವ ವೇಗವನ್ನು ತಡೆಯುವುದು ಇನ್ನೊಂದು. ಎರಡನೆಯದು ಸಡಿಲವಾದರೆ ಬಂಡಿ ಕುಳಿತವರನ್ನು ಎತ್ತಿ ಎತ್ತಿ ಹಾಕುತ್ತದೆ. ಅತಿ ಬಿಗಿಯಾದರೆ ಸಾಲುಗುಂಡಿಗಳಲ್ಲಿ ಶಾಕ್ ಮೇಲೇಳಲು ಪುರುಸೊತ್ತೇ ಸಿಗದೆ ಕುಗ್ಗುತ್ತಾ ಹೋಗುತ್ತದೆ. ಇವಕ್ಕೆ ‘ಅದುಮುತಡೆ’, ‘ಚಿಮ್ಮುತಡೆ’ ಎಂದು ಇಟ್ಟುಕೊಂಡಿದ್ದೇನೆ. ‘ಪ್ರಿಲೋಡ್’ ಎಂಬುದಕ್ಕೆ ‘ಮುಂಬಿಗಿ’. ಇದನ್ನು ಬಹಳ ಜನ ‘ಸ್ಪ್ರಿಂಗ್ ಗಟ್ಟಿ ಮಾಡುವುದು’ ಎನ್ನುತ್ತಾರೆ, ಅದು ಸರಿಯಲ್ಲ. ಶಾಕ್‌ನ ಮೇಲಿರುವ ಬಳೆ ತಿರುಗಿಸಿ ಸ್ಪ್ರಿಂಗನ್ನು ಮುಂಚಿತವಾಗಿ ಅದುಮಿಟ್ಟರೆ ಬಂಡಿ ನಿಲ್ಲುವ ಎತ್ತರ ಏರುತ್ತದೆಯೇ ಹೊರತು ಸ್ಪ್ರಿಂಗಿನ ಗಡಸು ಬದಲಾಗುವುದಿಲ್ಲ. ಗಡಸು ಬೇಕಾದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು.

ಬಂಡಿಯ ಹೆಸರಿನ ಬಗ್ಗೆಯೂ ಒಂದು ಮಾತು. 1988ರಲ್ಲಿ ಬಂದ ಕವಾಸಾಕಿ ಮ್ಯೂಲ್ ಹೆಸರಿಗೆ ತಕ್ಕ ಹೇಸರಗತ್ತೆ, ಹೊರೆ ಹೊರಲು ಹುಟ್ಟಿದ್ದು. ಈಗಿನವುಗಳಲ್ಲಿ ಕೆಲವು ದುಡಿಮೆಯ ಬಂಡಿಗಳು, ಕೆಲವು ಆಟದ ಬಂಡಿಗಳು. ಎರಡಕ್ಕೂ ಹೊಂದುವಂತೆ ‘ಜೋಡಾಸನದ ಬಂಡಿ’ ಎಂದಿದ್ದೇನೆ. ಸ್ಟಿಯರಿಂಗ್ ಚಕ್ರವಿಲ್ಲದೆ ಕುದುರೆಯಂತೆ ಏರಿ ಕೂರುವ ಎಟಿವಿಯಿಂದ ಇದನ್ನು ಬೇರ್ಪಡಿಸಲು ಆಸನವೇ ಗುರುತು. ಜೋಡು, ಆಸನ ಸೇರಿದ್ದರಲ್ಲಿ ಅರಿಸಮಾಸದ ವಾಸನೆ ಹಿಡಿಯುವವರಿದ್ದರೆ ಅವರ ಮಾತನ್ನು ಕೇಳಲು ಸಿದ್ಧನಿದ್ದೇನೆ. ‘ಆಫ್-ರೋಡ್’ಗೆ ‘ಅಡ್ಡದಾರಿಯ’, ‘ದಾರಿ ಬಿಟ್ಟ’ ಎಂದೆಲ್ಲ ಬರೆಯಹೋದರೆ ಬಂಡಿಯ ನಡತೆಯ ಮೇಲೆ ಅನುಮಾನ ಬರುತ್ತದೆ. ‘ರಸ್ತೆಯಿಲ್ಲದ ನೆಲದ’ ಎಂದಷ್ಟೇ ಬರೆದೆ.

ಈಗ ನಿಜವಾಗಿ ಕೇಳಬೇಕಾದ ಪ್ರಶ್ನೆ. ಓಡಿಸುವವರು ‘ಗಾಡಿ ಚೆನ್ನಾಗಿ ಎಳೆಯುತ್ತದೆ’ ಎಂದಾಗ ಅವರ ಮನಸ್ಸಿನಲ್ಲಿರುವುದು ಕಡಿಮೆ ಸುತ್ತಿನಲ್ಲೂ ಸಿಗುವ ತಿರುಚುಬಲ. ಅದಿಲ್ಲದಿದ್ದರೆ ‘ದಮ್ಮಿಲ್ಲ’ ಎನ್ನುತ್ತಾರೆ, ಥಟ್ಟನೆ ವೇಗ ಏರಿದರೆ ‘ಪಿಕಪ್ ಇದೆ’ ಎನ್ನುತ್ತಾರೆ. ಹಾಗಾಗಿ ‘ಟಾರ್ಕ್’ ಬರುವ ಕಡೆಯೆಲ್ಲ, ಅಂಕಿಯಿದ್ದರೆ ‘ತಿರುಚುಬಲ’, ಅನುಭವದ ಮಾತಾದರೆ ‘ಎಳೆತ’ ಎಂದು ಬರೆಯತೊಡಗಿದೆ. ಆದರೆ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೋಗುವುದೂ ಎಳೆಯುವುದೇ. ‘ಟ್ರ್ಯಾಕ್ಷನ್’ ಎಂಬುದಕ್ಕೆ ಬಳಸುವ ಸಂಸ್ಕೃತ ಪದವಾದ ‘ಕರ್ಷಣ’ಕ್ಕೂ ಎಳೆಯುವುದೆಂದೇ ಅರ್ಥ. ಟ್ರ್ಯಾಕ್ಷನ್ನಿಗೆ ‘ನೆಲದ ಹಿಡಿತ’ ಎಂದು ಬರೆದು ಒಂದು ಗಂಟನ್ನು ಬಿಚ್ಚಿಕೊಂಡೆ. ಉಳಿದ ಎರಡು ಹೀಗೊಂದು ವಾಕ್ಯದಲ್ಲಿ ಎದುರುಬದುರಾಗಿವೆ: ‘ಈ ಮಾದರಿಯಲ್ಲಿ ಎಳೆತ ಹೆಚ್ಚಿಸಿ ಕೊಟ್ಟಿದ್ದಾರೆ, ಆದರೆ ಎಳೆಯಬಹುದಾದ ಹೊರೆಯ ಮಿತಿ ಹಿಂದಿನಷ್ಟೇ ಇದೆ.’ ಮಿತಿಯನ್ನು ನಿರ್ಧರಿಸುವುದು ಇಂಜಿನ್ ಮಾತ್ರವಲ್ಲ, ಬ್ರೇಕು, ಚಾಸಿ, ಕೊಂಡಿಗಳೂ ಹೌದು ಎಂಬ ಕಾರಣಕ್ಕೆ ವಾಕ್ಯ ಸರಿಯಾಗಿದೆ, ಓದಲು ಮಾತ್ರ ಗೊಂದಲ. ಎರಡನೆಯದಕ್ಕೆ ‘ಜಗ್ಗು’ ಧಾತುವನ್ನು ತಂದು ‘ಜಗ್ಗುಹೊರೆ’ ಎಂದರೆ, ಆ ಧಾತುವನ್ನು ಬಳಸದ ಕಡೆಯ ಓದುಗರಿಗೆ ‘ಜಗ್ಗುವುದು’ ಎಂದರೆ ಭಾರಕ್ಕೆ ಕುಸಿಯುವುದು ಎಂದು ಕೇಳಿಸೀತೇ? ಟ್ರ್ಯಾಕ್ಟರು, ಲಾರಿಗಳಿಗೆ ಟ್ರೇಲರ್ ಕಟ್ಟಿ ಓಡಿಸುವವರ ಮಾತನ್ನು ಹತ್ತಿರದಿಂದ ಕೇಳಿದ ಸದಸ್ಯರು, ಅವರು ಈ ಎರಡನ್ನು ಯಾವ ಮಾತುಗಳಿಂದ ಬೇರ್ಪಡಿಸುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.