ಟಾರ್ಚಿಗೂ ಪಾಯಿಂಟ್ ಕಟ್ಟಬೇಕಾ?

ಗುಂಪು: ಕ್ಯಾತ್ಸಂದ್ರದ ಮನೆ
ಭಾನುವಾರ ರಾತ್ರಿ

ಪುಟ್ಟಿ: (ಫೋಟೋ) ಎಲ್ಲರೂ ಇದನ್ನು ನೋಡಿ. ಇವತ್ತಿನ ಆಟದ ನನ್ನ ಕ್ಯಾರೆಕ್ಟರ್ ಶೀಟ್, ಅಂದರೆ ನನ್ನ ಪಾತ್ರದ ಶಕ್ತಿ, ಸಾಮಾನು ಎಲ್ಲ ಬರೆದ ಹಾಳೆ. ದೊಡ್ಡಣ್ಣ ಕೆಂಪು ಪೆನ್ನಿನಲ್ಲಿ ಏನು ಬರೆದಿದ್ದಾನೆ ಓದಿ. ‘ಫೋನ್ ಇಲ್ಲ. ಟಾರ್ಚ್ ಇಲ್ಲ. ಪಾಯಿಂಟ್ ಕಟ್ಟಿಲ್ಲ.’

ಪುಟ್ಟಿ: ನನ್ನ ನಾಯಕಿ ಲಾರಿ ಎತ್ತುತ್ತಾಳೆ, ಬಂಡೆ ಪುಡಿ ಮಾಡುತ್ತಾಳೆ. ಮಧುಗಿರಿ ಕೋಟೆಯಲ್ಲಿ ಕತ್ತಲಾದ ಮೇಲೆ ಕಳೆದುಹೋದ ಮಕ್ಕಳನ್ನು ಹುಡುಕಬೇಕಿತ್ತು. ಫೋನ್ ತೆಗೆದು ಬೆಳಕು ಬಿಡುತ್ತೇನೆ ಅಂದೆ. ಫೋನೇ ಇಲ್ಲ ಅಂದುಬಿಟ್ಟ. ಬೆಟ್ಟದ ಬುಡದಲ್ಲಿ ಕಡಲೆಕಾಯಿ ಮಾರುವವರ ಹತ್ತಿರ ಫೋನ್ ಇದೆ, ನನ್ನ ನಾಯಕಿ ಹತ್ತಿರ ಇಲ್ಲವಂತೆ!

ಅತ್ತೆ: ಯಾರ ಮಕ್ಕಳು ಕಳೆದುಹೋದರು? ಯಾವಾಗ?

ಪುಟ್ಟಿ: ಆಟದಲ್ಲಿ ಅತ್ತೆ. ಗಾಬರಿ ಆಗಬೇಡಿ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಸೂಪರ್‌ಹೀರೋ ಪಾತ್ರವಾಗಿ ಮಾತಿನಲ್ಲೇ ಆಡುವ ಕಥೆಯಾಟ. ಕಥೆ ನಡೆಸುವವನು ದೊಡ್ಡಣ್ಣ.

ದೊಡ್ಡಣ್ಣ: ನಾನು ಕೈಯಿಂದ ಹಾಕಿದ ನಿಯಮ ಅಲ್ಲ ಇದು. ನಾವು ಆಡುತ್ತಿರುವುದು ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್, ಮೂರನೇ ಆವೃತ್ತಿ. ಪಾತ್ರದ ಶಕ್ತಿಗಳನ್ನೆಲ್ಲ ಕೊಳ್ಳಲು ಎಲ್ಲರಿಗೂ ಶುರುವಿನಲ್ಲಿ 150 ಪಾಯಿಂಟ್ ಕೊಟ್ಟಿದ್ದೇನೆ. ಅದರಲ್ಲಿ ಒಂದೇ ಒಂದು ಪಾಯಿಂಟ್ ಕೊಟ್ಟು ಎಕ್ವಿಪ್‌ಮೆಂಟ್ ತೆಗೆದುಕೊಂಡರೆ, ಸಾಮಾನು ಕೊಳ್ಳಲು ಬೇರೆ 5 ಪಾಯಿಂಟ್ ಸಿಗುತ್ತದೆ. ಟಾರ್ಚ್ 1. ಬೈನಾಕ್ಯುಲರ್ 1. ಕೈಕೋಳ 1. ಇಷ್ಟು ಅಗ್ಗಕ್ಕೆ ಸಿಗುವಾಗಲೂ ಪುಟ್ಟಿ ಅದನ್ನು ಬಿಟ್ಟು ಎಲ್ಲವನ್ನೂ ಬಲಕ್ಕೇ ಸುರಿದಳು. ಉಳಿದ ಮೂವರು ಕಟ್ಟಿದ್ದಾರೆ.

ಭಾವ: ದೊಡ್ಡಣ್ಣ ಹೇಳುವುದು ಸರಿ. ನಾನು ಮೊದಲು ಕಲಿತದ್ದು ಚಾಂಪಿಯನ್ಸ್, 1981ರ ಆಟ. ಅಲ್ಲಿ ಸೂಪರ್‌ಹೀರೋ ದಿನಾ ಬಳಸುವ ಸಾಮಾನಿಗೆಲ್ಲ ಪಾಯಿಂಟ್ ಕಟ್ಟಬೇಕು. ಕಾರಣ ಇದೆ. ಒಬ್ಬ ಕಣ್ಣಿನಿಂದ ಕಿರಣ ಬಿಡಲು 40 ಪಾಯಿಂಟ್ ಕೊಡುತ್ತಾನೆ. ಇನ್ನೊಬ್ಬ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಅಷ್ಟೇ ಏಟಿನ ಬಂದೂಕು ತರುತ್ತಾನೆ. ಮೊದಲನೆಯವನು ಯಾಕೆ ಆಡಬೇಕು? ಅದಕ್ಕೇ ಬಂದೂಕಿಗೂ ಪಾಯಿಂಟ್. ಕಣ್ಣಿಗೆ ಕಾಣುವ, ಕೈಯಿಂದ ಕಿತ್ತುಕೊಳ್ಳಬಹುದಾದ ಸಾಮಾನಾದರೆ ಅರ್ಧ ಬೆಲೆ. 40ರದು 20ಕ್ಕೆ ಬರುತ್ತದೆ.

ಪುಟ್ಟಿ: ಬಂದೂಕು ಯಾರು ಕೇಳಿದರು ಭಾವ? ನಾನು ಕೇಳಿದ್ದು ಬೆಳಕು.

ಅತ್ತಿಗೆ: ಈಗ ಅಡುಗೆಮನೆ ಕೆಲಸ ಮುಗಿಯಿತು. ನಾನೂ ಆ ಮೇಜಿನಲ್ಲಿ ಇದ್ದವಳು, ಸ್ವಲ್ಪ ಉದ್ದ ಬರೆಯುತ್ತೇನೆ. ಪಾಯಿಂಟ್ ಕೊಟ್ಟು ನಾವು ಕೊಳ್ಳುವುದು ಭರವಸೆ. ‘ಇದು ನನ್ನದು, ಬೇಕಾದಾಗ ಇರುತ್ತದೆ, ಕೆಲಸ ಮಾಡುತ್ತದೆ’ ಅನ್ನುವ ಭರವಸೆ. ಪುಟ್ಟಿ ಆ ಭರವಸೆ ಕೊಂಡಿಲ್ಲ, ಒಪ್ಪಿದೆ. ಆದರೆ ಭರವಸೆ ಇಲ್ಲ ಅನ್ನುವುದು ಬೇರೆ, ವಸ್ತುವೇ ಇಲ್ಲ ಅನ್ನುವುದು ಬೇರೆ. ಅವಳ ನಾಯಕಿ ತುಮಕೂರಿನಲ್ಲಿ ಬಟವಾಡಿ ಹತ್ತಿರ ಬಾಡಿಗೆ ಮನೆಯಲ್ಲಿರುವ ನರ್ಸ್ ಅಂತ ಶೀಟಿನಲ್ಲೇ ಇದೆ. ನರ್ಸ್ ಹತ್ತಿರ ಫೋನ್ ಇರುವುದಿಲ್ಲವಾ? ಇಲ್ಲ ಅಂದರೆ ಆ ಪಾತ್ರವನ್ನೇ ಅಳಿಸಿದ ಹಾಗೆ.

ಅತ್ತಿಗೆ: ಇನ್ನೊಂದು. ಆ ಫೋನ್ ಬೆಳಕಿನಿಂದ ಯಾವ ವಿಲನ್ ಸೋಲುತ್ತಿದ್ದ? ಯಾರೂ ಇಲ್ಲ. ಮಕ್ಕಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಾರೆ, ಹೆದರಿದ ಮಗುವನ್ನು ಹೇಗೆ ಹೊರಗೆ ಕರೆಯುವುದು, ಅದೇ ಆ ಹೊತ್ತಿನ ಆಟ. ಬಂಡೆ ಒಡೆಯುವ ಕೈ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಮಾತು ಬೇಕು. ಎಷ್ಟು ಚೆನ್ನಾಗಿತ್ತು ಆ ಸನ್ನಿವೇಶ! ನಾವು ಅದನ್ನು ಬಿಟ್ಟು ಶೀಟ್ ಹಿಡಿದುಕೊಂಡು ವಾದ ಮಾಡುತ್ತಾ ಕುಳಿತೆವು. ನನಗೆ ಬೇಜಾರಾದದ್ದು ಅದಕ್ಕೆ.

ದೊಡ್ಡಣ್ಣ: ಅತ್ತಿಗೆ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೆ ನಾನು ಯಾಕೆ ಬಿಗಿ ಮಾಡಿದೆ ಅಂತಲೂ ಕೇಳಿ. ಹಿಂದಿನ ಕಥೆಯಲ್ಲಿ ನಾಮದ ಚಿಲುಮೆ ಕಾಡಿನಲ್ಲಿ ವಿಷದ ಹೊಗೆ ಬಿಟ್ಟಿದ್ದರಲ್ಲ, ನೆನಪಿದೆಯಾ? ಚಿಕ್ಕವನು ಉಸಿರು ಕಟ್ಟದಿರುವ ಶಕ್ತಿಗೆ ಅಂತಲೇ 2 ಪಾಯಿಂಟ್ ಕೊಟ್ಟಿದ್ದ. ಎಷ್ಟೋ ವಾರದಿಂದ ಅದನ್ನು ಬಳಸಲು ಕಾದಿದ್ದ. ಅವನ ಸರದಿ ಬರುವ ಮೊದಲೇ ಭಾವ ‘ನನ್ನ ಚೀಲದಲ್ಲಿ ಗ್ಯಾಸ್ ಮಾಸ್ಕ್ ಇದೆ, ಎಲ್ಲರಿಗೂ ಒಂದೊಂದು’ ಅಂದರು. ಶೀಟಿನಲ್ಲಿ ಇರಲಿಲ್ಲ. ನಾನು ಸುಮ್ನೆ ಬಿಟ್ಟೆ. ಚಿಕ್ಕವನ ಮುಖ ಬಾಡಿಹೋಯಿತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಶೀಟಿನಲ್ಲಿ ಇಲ್ಲದ್ದು ಇಲ್ಲ.

ಚಿಕ್ಕವನು: ಹೌದು. ಹೊಗೆಯೊಳಗೆ ನಾನೊಬ್ಬನೇ ನಡೆದು ಹೋಗುತ್ತೇನೆ ಅಂದುಕೊಂಡಿದ್ದೆ.

ಭಾವ: ಮಾಸ್ಕ್ ವಿಷಯದಲ್ಲಿ ನಿನ್ನ ಮಾತು ನ್ಯಾಯ. ಮುಂದೆ ಚೀಲದಿಂದ ಏನನ್ನೂ ಹಾಗೆ ತೆಗೆಯುವುದಿಲ್ಲ.

ಅತ್ತಿಗೆ: ನೋಡಿ, ಮಾಸ್ಕ್ ಇನ್ನೊಬ್ಬ ಆಟಗಾರ ಪಾಯಿಂಟ್ ಕೊಟ್ಟು ಕೊಂಡ ಶಕ್ತಿಯನ್ನೇ ಬಿಟ್ಟಿಯಾಗಿ ಕೊಡುತ್ತದೆ. ಫೋನ್ ಬೆಳಕು ಯಾರ ಶಕ್ತಿಯನ್ನು ಕಿತ್ತುಕೊಂಡಿತು? ಕತ್ತಲಲ್ಲಿ ಕಾಣುವ ಶಕ್ತಿ ನಮ್ಮ ಮೇಜಿನಲ್ಲಿ ಯಾರಿಗೂ ಇಲ್ಲ. ಇದ್ದರೂ, ಅಂಥವರು ಎದುರಿಗೆ ಸುಳಿವು ಬಿಟ್ಟುಕೊಡದೆ ನೋಡುತ್ತಾರೆ. ಟಾರ್ಚ್ ಹಿಡಿದವಳು ಬೆಟ್ಟಕ್ಕೆಲ್ಲ ಕಾಣುತ್ತಾಳೆ. ಎರಡೂ ಒಂದೇ ಅಲ್ಲ.

ಚಿಕ್ಕಪ್ಪ: ನಾನು ಆಡುವವನಲ್ಲ, ಆದರೂ ಓದುತ್ತಿದ್ದೇನೆ. ವಾಚ್ ಫ್ಯಾಕ್ಟರಿಯ ಸ್ಟೋರಿನಲ್ಲಿ ಇದೇ ಜಗಳ ನೋಡಿದ್ದೇನೆ. ಮೈಕ್ರೋಮೀಟರ್ ಬೇಕಾದರೆ ಕೆಲಸಗಾರ ತನ್ನ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಕೊಡಬೇಕಿತ್ತು. ನಾವು ಆ ಬಿಲ್ಲೆಯನ್ನು ಮೈಕ್ರೋಮೀಟರ್ ಇದ್ದ ಮೊಳೆಗೇ ನೇತುಹಾಕುತ್ತಿದ್ದೆವು. ಯಾರ ಕೈಯಲ್ಲಿದೆ ಅಂತ ಕಣ್ಣು ಹಾಯಿಸಿದರೆ ಗೊತ್ತಾಗುತ್ತಿತ್ತು. ಕೈ ಒರೆಸುವ ಹತ್ತಿ ಚೂರಿಗೆ ಯಾರೂ ಬಿಲ್ಲೆ ಕೇಳುತ್ತಿರಲಿಲ್ಲ. ಒಬ್ಬ ಹೊಸಬ ಸೂಪರ್‌ವೈಸರ್ ಅದಕ್ಕೂ ಬಿಲ್ಲೆ ಕೇಳಲು ಶುರುಮಾಡಿದ. ಕಿಟಕಿ ಮುಂದೆ ಸಾಲು ಬೆಳೆಯಿತು, ಮಷೀನು ನಿಂತವು. ಹಾಗಂತ ಮೈಕ್ರೋಮೀಟರನ್ನು ಬಿಲ್ಲೆ ಇಲ್ಲದೆ ಕೊಡಲೂ ಆಗುವುದಿಲ್ಲ.

ಪುಟ್ಟಿ: ಚಿಕ್ಕಪ್ಪ, ಮುಂದಿನ ವಾರ ನೀವೂ ಬನ್ನಿ.

ದೊಡ್ಡಣ್ಣ: ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಒಬ್ಬರು ಫೋನ್ ಅಂದರೆ, ಇನ್ನೊಬ್ಬರು ಹಗ್ಗ ಅನ್ನುತ್ತಾರೆ, ಆಮೇಲೆ ಡ್ರೋನ್ ಅನ್ನುತ್ತಾರೆ.

ಅಕ್ಕ: ಲೆಕ್ಕವೇ ಬೇಡ ಅನ್ನುವ ಆಟಗಳೂ ಇವೆ. ಮಾರ್ವೆಲ್ ಸೂಪರ್ ಹೀರೋಸ್‌ನ 1986ರ ಅಡ್ವಾನ್ಸ್ಡ್ ಸೆಟ್‌ನಲ್ಲಿ ರೂಪಾಯಿ ಡಾಲರ್ ಎಣಿಸುವುದಿಲ್ಲ. ಪಾತ್ರ ಎಷ್ಟು ಅನುಕೂಲಸ್ಥ ಅನ್ನುವುದಕ್ಕೆ ಒಂದು ದರ್ಜೆ ಇರುತ್ತದೆ. ಟಿಪಿಕಲ್ ಅಂದರೆ 6, ಗುಡ್ 10, ಎಕ್ಸಲೆಂಟ್ 20. ದೊಡ್ಡ ಸಾಮಾನು ಬೇಕಾದರೆ ಆ ದರ್ಜೆಯ ಮೇಲೆ ದಾಳ ಉರುಳಿಸಬೇಕು. ನಮ್ಮ ನರ್ಸ್‌ಗೆ ಟಾರ್ಚ್ ಸಿಗುತ್ತದೆ, ಹೆಲಿಕಾಪ್ಟರ್ ಸಿಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಭಾವ: ಅದರಲ್ಲಿ ಶ್ರೀಮಂತನ ಪಾತ್ರ ಮಾಡಿದವನಿಗೆ ಎಲ್ಲವೂ ಸಿಗುತ್ತದೆ. ನನಗೆ ಚಾಂಪಿಯನ್ಸ್ ದಾರಿಯೇ ಇಷ್ಟ. ವಿಲನ್ ಕೈಯಿಂದ ಬಿದ್ದ ಬಂದೂಕನ್ನು ಆ ಜಗಳಕ್ಕೆ ಎತ್ತಿಕೊಂಡು ಬಳಸಬಹುದು. ಕಾಯಂ ಆಗಿ ಇಟ್ಟುಕೊಳ್ಳಬೇಕಾದರೆ ಪಾಯಿಂಟ್ ಕಟ್ಟಬೇಕು.

ಅತ್ತಿಗೆ: ಭಾವ, ನೀವೇ ದಾರಿ ತೋರಿಸಿದಿರಿ! ಅದನ್ನೇ ಇಟ್ಟುಕೊಳ್ಳೋಣ. ಒಂದು ಸಲಕ್ಕೆ, ಅಲ್ಲಿ ಇರುವುದು ಸಹಜವಾದರೆ, ಬಿಟ್ಟಿ. ಪ್ರತಿ ಭಾನುವಾರ ಅದೇ ಸಾಮಾನು ಹೊರಗೆ ಬರುತ್ತದೆ ಅಂದರೆ ಅದು ಪಾತ್ರದ ಭಾಗ, ಪಾಯಿಂಟ್ ಕಟ್ಟಲಿ. ಏಟು ಕೊಡುವುದು, ಏಟು ತಡೆಯುವುದು, ಬೇರೆಯವರ ಶಕ್ತಿಯ ಕೆಲಸ ಮಾಡುವುದು, ಇವಕ್ಕೆ ಮೊದಲ ದಿನದಿಂದಲೇ ಪಾಯಿಂಟ್. ಮನೆ ಬೀಗದ ಕೈ, ಪರ್ಸು, ಫೋನು, ನೀರಿನ ಬಾಟಲಿ ಶೀಟಿನ ಹಿಂದೆ ಬರೆದರೆ ಸಾಕು.

ದೊಡ್ಡಣ್ಣ: ಪುಸ್ತಕದಲ್ಲೂ ಒಂದು ದಾರಿ ಇದೆ, ನಾನು ಅದನ್ನು ಬಳಸಲಿಲ್ಲ ಅಷ್ಟೇ. ಆ 150 ಅಲ್ಲದೆ, ಆಟದ ನಡುವೆ ಸಿಗುವ ಹೀರೋ ಪಾಯಿಂಟ್ ಅಂತ ಬೇರೆ ಇವೆ. ಜೊತೆಯಲ್ಲಿ ಇಲ್ಲದ ಸಾಮಾನು ಆ ಕ್ಷಣಕ್ಕೆ ಬೇಕಾದರೆ ಅದರಲ್ಲಿ ಒಂದನ್ನು ಖರ್ಚು ಮಾಡಿ ‘ಕೈಯಲ್ಲೇ ಇತ್ತು’ ಅನ್ನಬಹುದು, ನಡೆಸುವವನು ಒಪ್ಪಿದರೆ. ಪುಟ್ಟಿ ಹತ್ತಿರ ಇವತ್ತು ಎರಡು ಇದ್ದವು.

ಪುಟ್ಟಿ: ಅದನ್ನು ಆಗಲೇ ಹೇಳಿದ್ದರೆ ಖುಷಿಯಿಂದ ಕೊಡುತ್ತಿದ್ದೆ.

ಚಿಕ್ಕವನು: ನನ್ನ ಗುರಾಣಿ ಏನಾಗುತ್ತದೆ? ಅದೂ ಸಾಮಾನೇ ಅಲ್ವಾ?

ದೊಡ್ಡಣ್ಣ: ಅಲ್ಲ. ಅಂಗಡಿಯಲ್ಲಿ ಸಿಗುವುದು ಎಕ್ವಿಪ್‌ಮೆಂಟ್. ನಿನ್ನ ಗುರಾಣಿ ಡಿವೈಸ್, ಅಂದರೆ ಅದು ನಿನ್ನ ಶಕ್ತಿಯೇ, ಆದರೆ ಕಳಚಬಹುದು. ಕಳಚಬಹುದು ಅಂದರೆ ಪ್ರತಿ 5 ಪಾಯಿಂಟಿಗೆ 1 ಕಡಿಮೆ. ಸುಲಭವಾಗಿ ಕಿತ್ತುಕೊಳ್ಳಬಹುದು ಅಂದರೆ 2 ಕಡಿಮೆ. ನಿನ್ನದು 20ರದು, ಕೈಯಿಂದ ಸುಲಭವಾಗಿ ಹೋಗುತ್ತದೆ, ಅದಕ್ಕೇ 12ಕ್ಕೆ ಬಂತು. ಕಥೆಗೋಸ್ಕರ ಅದನ್ನು ನಾನೇ ಕಿತ್ತುಕೊಂಡರೆ ನಿನಗೆ ಹೀರೋ ಪಾಯಿಂಟ್ ಕೊಡುತ್ತೇನೆ.

ಅತ್ತೆ: ಆ ಮಕ್ಕಳು ಸಿಕ್ಕಿದರಾ ಇಲ್ಲವಾ?

ದೊಡ್ಡಣ್ಣ: ಇನ್ನೂ ಇಲ್ಲ ಅತ್ತೆ. ಮುಂದಿನ ಭಾನುವಾರ ಅದೇ ಜಾಗದಿಂದ ಶುರು. ಫೋನ್, ಪರ್ಸು, ಬೀಗದ ಕೈ ಬಿಟ್ಟಿ. ಮಾಸ್ಕ್, ಕತ್ತಲಲ್ಲಿ ಕಾಣುವ ಕನ್ನಡಕ, ಆಯುಧ, ಡ್ರೋನ್, ಗಾಡಿ, ಇವಕ್ಕೆ ಪಾಯಿಂಟ್. ನಡುವಿನದ್ದಕ್ಕೆ ಹೀರೋ ಪಾಯಿಂಟ್. ಎಲ್ಲರೂ ಬುಧವಾರದೊಳಗೆ ಶೀಟಿನ ಹಿಂಬದಿಯ ಫೋಟೋ ಕಳಿಸಿ.

ಭಾವ: ನಡುವಿನದ್ದು ಯಾವುದು ಅಂತ ಪ್ರತಿ ವಾರ ಜಗಳ ಆಗುತ್ತದೆ, ಬರೆದಿಟ್ಟುಕೊಳ್ಳಿ. ಆದರೂ ಆಡುತ್ತೇನೆ.

ಪುಟ್ಟಿ: ಗಾಡಿಗೂ ಪಾಯಿಂಟಾ? ನರ್ಸ್ ಡ್ಯೂಟಿಗೆ ಸ್ಕೂಟರಿನಲ್ಲೇ ಹೋಗುವುದು.

ದೊಡ್ಡಣ್ಣ: ಡ್ಯೂಟಿಗೆ ಹೋದರೆ ಬಿಟ್ಟಿ. ವಿಲನ್ನನ್ನು ಅಟ್ಟಿಸಿಕೊಂಡು ಹೋದರೆ ಪಾಯಿಂಟ್.